ಏಳನೆಯ ಹಾಡಿನ ನಡುದನಿ

ಫೆಬ್ರವರಿ 2, ಸೋಮವಾರ

ಈ ವಯಸ್ಸಿನಲ್ಲಿ ದಿನಚರಿ ಬರೆಯಲು ಕೂತಿದ್ದೇನೆಂದು ಯಾರಿಗಾದರೂ ಗೊತ್ತಾದರೆ ನಕ್ಕಾರು. ಆದರೆ ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ? ಐವತ್ತೇಳು ವರ್ಷದ, ಸಂಗೀತ ಶಾಲೆಯಲ್ಲಿ ಪದಕ ಪಡೆದ ನಾನು ಇವತ್ತಿನಿಂದ ರಜೆ ಸಿನಿಮಾಗಳ ಹಾಡುಗಳನ್ನು ಪಿಯಾನೋಗೆ ಇಳಿಸುತ್ತಿದ್ದೇನೆ. ಹನ್ನೆರಡು ಹಾಡು. ಶಾಲೆಗೆ ರಜೆ ಬಿಟ್ಟಾಗೆಲ್ಲ ಟೀವಿಯಲ್ಲಿ ಬರುತ್ತವಲ್ಲ, ಮಗು ಕಳೆದುಹೋಗಿ ಸಿಗುವ, ನಾಯಿ ಕಳೆದುಹೋಗಿ ಸಿಗುವ, ಕೊನೆಗೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಕಣ್ಣೊರೆಸಿಕೊಳ್ಳುವ ಸಿನಿಮಾಗಳು, ಅವು. ಏಪ್ರಿಲ್ ರಜೆಗೆ ಮುಂಚೆ ಪುಸ್ತಕ ಅಂಗಡಿಯಲ್ಲಿರಬೇಕಂತೆ.

ಪ್ರಕಾಶನದ ಸಂಪಾದಕಿ ಫೋನಿನಲ್ಲಿ, "ಸರ್, ಎರಡು ವರ್ಷ ಕಲಿತವರು ಒಬ್ರೇ ಕೂತು ನುಡಿಸೋ ಹಾಗಿರ್ಬೇಕು. ನಿಮ್ಮ ದೊಡ್ಡ ಕೈ ಎಲ್ಲರಿಗೂ ಇರಲ್ಲ," ಎಂದರು. ಈ ಸಂಪಾದಕಿಯನ್ನು ನಾವೆಲ್ಲ ಬೆನ್ನ ಹಿಂದೆ ಕೆಂಪು ಪೆನ್ನು ಎನ್ನುತ್ತೇವೆ. ಎದುರಿಗೆ ಮೇಡಂ.

ಬೆಳಿಗ್ಗೆ ಕ್ಷೌರದಂಗಡಿಯವನು "ಈಗೇನು ಬರೀತಿದೀರಿ?" ಎಂದು ಕೇಳಿದ. "ಒಂದು ದೊಡ್ಡ ಕೃತಿ" ಎಂದುಬಿಟ್ಟೆ. ಎದುರಿನ ಕನ್ನಡಿಯಲ್ಲಿ ನನ್ನ ಮುಖವನ್ನು ನಾನೇ ನೋಡಬೇಕಾಯಿತು. ಬೇರೆ ಕಡೆ ತಿರುಗೋಣವೆಂದರೆ ಕತ್ತು ಅವನ ಕೈಯಲ್ಲಿತ್ತು.

ಫೆಬ್ರವರಿ 5, ಗುರುವಾರ

ಮೂರು ಹಾಡು ಮುಗಿದವು. ಈ ಕೆಲಸ ದೊಡ್ಡ ಮನೆ ಖಾಲಿ ಮಾಡಿ ಸಣ್ಣ ಮನೆಗೆ ಹೋದ ಹಾಗೆ. ಸಿನಿಮಾದಲ್ಲಿ ನಲವತ್ತು ಜನ ನುಡಿಸಿರುತ್ತಾರೆ. ಇಲ್ಲಿ ಇರುವುದು ಹತ್ತು ಬೆರಳು. ಪಿಟೀಲಿನವರು ಬಲಗೈಗೆ ಬರುತ್ತಾರೆ, ಡೋಲಿನವನಿಗೆ ಎಡಗೈಯ ಮೂಲೆಯಲ್ಲಿ ಒಂದಿಷ್ಟು ಜಾಗ, ಉಳಿದವರನ್ನೆಲ್ಲ ಬೀದಿಯಲ್ಲೇ ಬಿಟ್ಟು ಬಾಗಿಲು ಹಾಕಿಕೊಳ್ಳಬೇಕು. ಇನ್ನೊಂದು ನಿಯಮವೂ ಇದೆ. ಪುಟ ಮುಗಿಯುವ ಜಾಗದಲ್ಲಿ ಒಂದು ಕೈಗೆ ಬಿಡುವು ಕೊಡಬೇಕು. ಒಬ್ಬರೇ ನುಡಿಸುವಾಗ ಪುಟ ತಿರುಗಿಸಿಕೊಡುವವರು ಯಾರೂ ಇರುವುದಿಲ್ಲ.

ಸಂಜೆ ಮೇಲಿನ ಮನೆಯವಳು ತನ್ನ ಪೇಪರ್ ತೆಗೆದುಕೊಳ್ಳಲು ಇಳಿದು ಬಂದಳು. ಮೇಲಿನ ಮನೆಯವಳು ಎಂದರೆ ನನ್ನ ತಂಗಿಯೇ. ದಂತವೈದ್ಯರಿಗೆ ಕೃತಕ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಇದ್ದಾಳೆ. ಮದುವೆ ಬೇಡವೆಂದಳು, ಮಾಡಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, "ಅಣ್ಣ, ಎರಡನೇ ಹಾಡಲ್ಲಿ ಎಡಗೈ ಜಾಸ್ತಿ ಆಯ್ತು," ಎಂದಳು.

ನನಗೆ ರೇಗಿತು. ಅವಳು ಹೋದ ಮೇಲೆ ಹೆಂಡತಿಯ ಎದುರು, "ಹಲ್ಲು ಕಟ್ಟೋಳಿಗೆ ಪಿಯಾನೋ ಏನು ಗೊತ್ತು," ಎಂದೆ.

ಶಾಲೆಯಲ್ಲಿ ಗಣಿತ ಹೇಳುವ ನನ್ನ ಹೆಂಡತಿ ಉತ್ತರ ಪತ್ರಿಕೆಗಳಿಂದ ತಲೆಯೆತ್ತದೆ, "ಜಾಸ್ತಿ ಆಗಿದೆಯಾ ಇಲ್ವಾ, ಅದು ಹೇಳಿ," ಎಂದಳು.

ಜಾಸ್ತಿ ಆಗಿತ್ತು. ನಾಲ್ಕು ಸ್ವರ ತೆಗೆದೆ. ತಂಗಿಗೆ ಹೇಳಲಿಲ್ಲ.

ಫೆಬ್ರವರಿ 9, ಸೋಮವಾರ

ಏಳನೆಯದು ಒಂದೇ ಬೆಳಿಗ್ಗೆಗೆ ಮುಗಿಯಿತು! ಅದು ಆ ರೈಲು ಸಿನಿಮಾದ ಹಾಡು. ರಜೆಗೆ ಹೊರಟ ಮಕ್ಕಳು, ಬಾರದ ರೈಲು, ನಿಲ್ದಾಣದ ಕಾಯುವ ಕೋಣೆಯಲ್ಲಿ ಎಲ್ಲರೂ ಹಾಡುತ್ತಾರೆ. ಕೆಂಪು ಪೆನ್ನು ಕಳಿಸಿದ್ದ ಧ್ವನಿಮುದ್ರಣವನ್ನು ಕೇಳಲೂ ಇಲ್ಲ. ಚಿಕ್ಕಂದಿನಿಂದ ಬೆರಳಲ್ಲೇ ಇರುವುದನ್ನು ಕೇಳುವುದೇನು? ಮೇಲೆ ಹಾಡು, ಕೆಳಗೆ ಮಂದ್ರ, ಎರಡರ ಮಧ್ಯೆ ಎಡಗೈ ಹೆಬ್ಬೆರಳಲ್ಲಿ ಮೆಲ್ಲಗೆ ಓಡಾಡುವ ಒಂದು ನಡುದನಿ. ಬರೆದು ಮುಗಿಸಿ ಮೂರು ಸಲ ನುಡಿಸಿದೆ. ಈ ಪುಸ್ತಕದಲ್ಲಿ ನಾಚಿಕೆ ಪಡಬೇಕಿಲ್ಲದ ಪುಟ ಇದೊಂದೇ.

ಮೇಲೆ ಕುರ್ಚಿ ಎಳೆದ ಸದ್ದಾಯಿತು. ಇವತ್ತು ಅವಳು ಲ್ಯಾಬಿಗೆ ಹೋಗಿಲ್ಲವೇನೋ.

ಫೆಬ್ರವರಿ 12, ಗುರುವಾರ

ಕೆಂಪು ಪೆನ್ನಿನ ಫೋನು. "ಸರ್, ಏಳನೇ ಹಾಡಿನ ನಡುವೆ ಒಂದು ದನಿ ಬರುತ್ತಲ್ಲ, ಅದು ಸಿನಿಮಾದಲ್ಲಿ ಎಲ್ಲೂ ಇಲ್ಲ."

"ಇದೆ, ಸರಿಯಾಗಿ ಕೇಳಿ," ಎಂದೆ.

"ಐದು ಸಲ ಕೇಳಿದೀನಿ ಸರ್. ಇಲ್ಲ. ಆದ್ರೆ ತುಂಬಾ ಚೆನ್ನಾಗಿದೆ. ಇಡೀ ಪುಸ್ತಕದಲ್ಲಿ ನಂಗೆ ಇಷ್ಟ ಆಗಿದ್ದು ಅದೇ. ಸಿನಿಮಾದವರ ಹತ್ರ ಅನುಮತಿ ತಗೋಬೇಕಲ್ಲ, ಅವರದಲ್ಲದ್ದು ಯಾರದು ಅಂತ ಒಂದು ಕಾಗದದಲ್ಲಿ ಬರೆದುಕೊಡ್ಬೇಕು. ನಿಮ್ಮದೇ ತಾನೆ?"

ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ನಂತರ "ನಂದೇ" ಎಂದೆ.

ಮತ್ತೆ ಯಾರದು? ಚಿಕ್ಕಂದಿನಲ್ಲಿ ನುಡಿಸುತ್ತ ನುಡಿಸುತ್ತ ನನ್ನ ಕೈಗೇ ಹುಟ್ಟಿದ್ದಿರಬೇಕು.

ಫೆಬ್ರವರಿ 13, ಶುಕ್ರವಾರ

ಕಾಗದ ಬಂತು. "ಸಂಯೋಜಕರ ಸ್ವಂತ ರಚನೆ" ಎಂದಿತ್ತು. ಸಹಿ ಹಾಕಿ ಕಳಿಸಿದೆ.

ಫೆಬ್ರವರಿ 16, ಸೋಮವಾರ

ಇವತ್ತು ಹೆಂಡತಿ ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಆ ಧ್ವನಿಮುದ್ರಣ ಕೇಳಿದೆ. ಕೆಂಪು ಪೆನ್ನು ಹೇಳಿದ್ದು ನಿಜ. ಪಿಟೀಲು ಇದೆ, ಮಕ್ಕಳ ದನಿ ಇದೆ, ಆ ನಡುದನಿ ಎಲ್ಲೂ ಇಲ್ಲ. ಅದು ಇಲ್ಲದೆ ಹಾಡು ಬೇರೆಯವರ ಮನೆಯದೆನ್ನಿಸಿತು. ನನ್ನ ಬೆರಳಲ್ಲಿದ್ದದ್ದು ಸಿನಿಮಾದ ಹಾಡೇ ಅಲ್ಲ, ನಾವಿಬ್ಬರು ನುಡಿಸುತ್ತಿದ್ದ ಹಾಡು.

ಇಲ್ಲಿಯಾದರೂ ನಿಜ ಬರೆಯುತ್ತೇನೆ. ಮನೆಗೆ ಮೇಷ್ಟ್ರು ಬರುತ್ತಿದ್ದದ್ದು ನನಗಾಗಿ. ತಂಗಿ ಕೇಳಿಸಿಕೊಂಡೇ ಕಲಿತಳು. ಬೆಂಚಿನ ಬಲಕ್ಕೆ ನಾನು, ಎಡಕ್ಕೆ ಅವಳು. ಹಾಡು ನನ್ನದು, ಮಂದ್ರ ಅವಳದು. ಆ ನಡುದನಿ ಅವಳ ಬಲಗೈಯದು. ಯಾರೂ ಹೇಳಿಕೊಟ್ಟದ್ದಲ್ಲ.

ನನಗೆ ಹದಿನೇಳಾದಾಗ ಸಂಗೀತ ಶಾಲೆಯ ಆಯ್ಕೆಗೆ ಆ ಹಾಡನ್ನೇ ಒಬ್ಬನೇ ನುಡಿಸಿದೆ. ಅವಳ ದನಿಯನ್ನು ನನ್ನ ಎಡ ಹೆಬ್ಬೆರಳಿಗೆ ತಂದುಕೊಂಡಿದ್ದೆ. ಉದ್ದ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವಿನವರು ಕನ್ನಡಕ ತೆಗೆದು, "ಈ ನಡುದನಿ ಯಾರು ಹಾಕಿಕೊಟ್ಟದ್ದಪ್ಪ?" ಎಂದರು. "ನಂದೇ ಸರ್" ಎಂದೆ. ಸೀಟು ಸಿಕ್ಕಿತು. ಹೊರಗೆ ಬೆಂಚಿನ ಮೇಲೆ ಹದಿಮೂರು ವರ್ಷದ ತಂಗಿ ನನ್ನ ಕೋಟು ಹಿಡಿದು ಕೂತಿದ್ದಳು. ಮುಂದಿನ ವಾರದಿಂದ ಬೆರಳು ನೋಯುತ್ತದೆಂದು ಪಿಯಾನೋ ಮುಟ್ಟಲಿಲ್ಲ. ಅವಳಿಗೆ ಆಸಕ್ತಿ ಹೋಯಿತು ಎಂದು ಮನೆಯವರೆಲ್ಲ ಅಂದರು. ನಾನೂ ಅಂದೆ.

ಇದನ್ನು ಮರೆತಿದ್ದೆನೇ? ಮರೆತಿದ್ದೆ ಎಂದು ಬರೆಯಲು ಪೆನ್ನು ಎತ್ತಿದೆ, ಬರೆಯಲಾಗುತ್ತಿಲ್ಲ. ಫೋನಿನಲ್ಲಿ ಆ ಒಂದು ಉಸಿರಿನ ಹೊತ್ತು ಸುಮ್ಮನಿದ್ದೆನಲ್ಲ, ಆಗ ಗೊತ್ತಿತ್ತು.

ಫೆಬ್ರವರಿ 18, ಬುಧವಾರ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ದನಿ ತೆಗೆದು ಅದರ ಜಾಗದಲ್ಲಿ ನನ್ನದೇ ಒಂದನ್ನು ಹಾಕಿದರೆ ಮುಗಿಯಿತಲ್ಲ! ಬೆಳಿಗ್ಗೆಯಿಂದ ಸಂಜೆಯವರೆಗೆ ಏಳು ಬಗೆಯಲ್ಲಿ ಬರೆದೆ. ಏಳೂ ಸರಿಯಾಗಿವೆ. ಒಂದಕ್ಕೂ ಜೀವವಿಲ್ಲ. ನಲವತ್ತು ವರ್ಷ ಸಂಗೀತ ಕಲಿತು ಕಲಿಸಿದವನಿಗೆ, ಹದಿಮೂರು ವರ್ಷದ ಹುಡುಗಿ ಆಟಕ್ಕೆ ನುಡಿಸಿದ್ದರ ಹತ್ತಿರಕ್ಕೂ ಬರಲಾಗಲಿಲ್ಲ.

ಇದ್ದುದರಲ್ಲಿ ಸುಮಾರಾಗಿದ್ದದ್ದನ್ನು ಕಳಿಸಿದೆ. ಹೊಸದನ್ನೇ ಹಾಕಿ, ಕಾರಣ ಕೇಳಬೇಡಿ ಎಂದು ಚೀಟಿ ಬರೆದೆ.

ಫೆಬ್ರವರಿ 20, ಶುಕ್ರವಾರ

"ಸರ್, ಇದು ಸಪ್ಪೆ. ಹಳೇದೇ ಇರ್ಲಿ, ಕಾಗದ ಬಂದಿದೆ, ಪುಟ ಕಟ್ಟೋಕೆ ಕೊಟ್ಟಾಯ್ತು. ನೀವು ಸುಮ್ನೆ ಸಂಕೋಚ ಪಡ್ತೀರಿ."

ಸಂಕೋಚವಂತೆ.

ಫೆಬ್ರವರಿ 24, ಮಂಗಳವಾರ

ಅಚ್ಚಿಗೆ ಮುಂಚೆ ತಿದ್ದುವ ಪ್ರತಿ ಬಂತು. ತಂದವಳು ತಂಗಿ. ಮೆಟ್ಟಿಲ ಕೆಳಗೆ ಎರಡೂ ಮನೆಗೆ ಒಂದೇ ಟಪಾಲು ಪೆಟ್ಟಿಗೆ. "ಅಣ್ಣ, ನಿನ್ನ ಪುಸ್ತಕ ಇರ್ಬೇಕು, ತೆಗಿ ನೋಡೋಣ," ಎಂದಳು.

"ಬರೀ ಕಾಗದಪತ್ರ," ಎಂದು ಲಕೋಟೆಯನ್ನು ಪಿಯಾನೋ ಮೇಲಿಟ್ಟು ಅದರ ಮೇಲೆ ಕೈಯಿಟ್ಟುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ನನ್ನ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು, "ಹಾಗಾದ್ರೆ ಬರ್ತೀನಿ," ಎಂದು ಮೇಲೆ ಹೋದಳು.

ತೆಗೆದೆ. ಏಳನೆಯ ಹಾಡಿನ ತಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ: "ನಡುದನಿ ಸಂಯೋಜಕರ ಸ್ವಂತ ರಚನೆ". ಸಣ್ಣ ಅಕ್ಷರವೇ. ಕೋಣೆಯ ಆ ಕಡೆ ಮೂಲೆಯಲ್ಲಿ ನಿಂತರೂ ಕಾಣಿಸುತ್ತಿತ್ತು.

ಇನ್ನು ಎಂಟು ದಿನದಲ್ಲಿ ಅಚ್ಚಿಗೆ ಹೋಗುತ್ತದೆ. ಆಮೇಲೆ ತಂಗಿ ಯಾವುದೋ ಅಂಗಡಿಯಲ್ಲಿ ನಿಂತು ಆ ಪುಟ ತೆರೆಯುತ್ತಾಳೆ. ತೆರೆಯದೆ ಇರುವವಳಲ್ಲ.

ಫೆಬ್ರವರಿ 27, ಶುಕ್ರವಾರ

ಹೆಂಡತಿಗೆ ಎಲ್ಲ ಹೇಳಿದೆ. ಸಂಗೀತ ಶಾಲೆಯ ವಿಷಯವನ್ನೂ. ಮೂವತ್ತು ವರ್ಷ ನನ್ನ ಜೊತೆ ಬಾಳಿದವಳು, ಯಾರೋ ಹೊಸಬನನ್ನು ನೋಡುವ ಹಾಗೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ನಂಗ್ಯಾಕೆ ಹೇಳ್ತೀರಿ? ಮೇಲೆ ಹೋಗಿ ಹೇಳಿ. ಹದಿನಾಲ್ಕೇ ಮೆಟ್ಟಿಲು."

"ಈಗ ಹೇಳಿ ಏನು ಪ್ರಯೋಜನ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ಮಾನ ನಿಮ್ಮದು ಹೋಯ್ತು, ಸರಿ. ಹಾಡು ಅವಳದು ಹೋಯ್ತಲ್ಲ? ಯಾವುದು ದೊಡ್ಡದು, ಲೆಕ್ಕ ಹಾಕಿ."

ಏಳು ಮೆಟ್ಟಿಲು ಹತ್ತಿದೆ. ಮೇಲೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು, ಜೊತೆಗೆ ಅವಳು ಗುನುಗುತ್ತಿದ್ದಳು. ಎರಡನೆಯ ಹಾಡು. ನಾನು ನಾಲ್ಕು ಸ್ವರ ತೆಗೆದದ್ದು ಅವಳಿಗೆ ಗೊತ್ತಾಗಿದೆ, ತೆಗೆದ ಹಾಗೆಯೇ ಗುನುಗುತ್ತಿದ್ದಳು. ಇಳಿದು ಬಂದುಬಿಟ್ಟೆ. ಹೇಡಿ.

ಮಾರ್ಚ್ 2, ಸೋಮವಾರ

ಮಧ್ಯಾಹ್ನ ಅವಳ ಲ್ಯಾಬಿಗೆ ಹೋದೆ. ಮೂವತ್ತು ವರ್ಷದಲ್ಲಿ ಇದೇ ಮೊದಲು ನಾನು ಅಲ್ಲಿಗೆ ಕಾಲಿಟ್ಟದ್ದು, ಅದನ್ನೂ ಬರೆದಿಡುತ್ತೇನೆ. ಉದ್ದನೆಯ ಕೋಣೆ, ಕಿಟಕಿಗೆ ತಾಗಿ ಕೆಲಸದ ಮೇಜು, ಎಲ್ಲದರ ಮೇಲೂ ಬಿಳಿ ಪುಡಿ. ಅಚ್ಚಿನ ದವಡೆಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಚಪ್ಪಟೆ ಪೆಟ್ಟಿಗೆಗಳಲ್ಲಿ ಬಣ್ಣದ ಪ್ರಕಾರ ಹಲ್ಲುಗಳು, ಅಚ್ಚ ಬಿಳಿಯಿಂದ ಟೀ ಕುಡಿದ ಬಣ್ಣದವರೆಗೆ. ಊಟದ ಹೊತ್ತಾದ್ದರಿಂದ ಅವಳೊಬ್ಬಳೇ ಇದ್ದಳು, ಒಂದು ಹಲ್ಲಿನ ಸೆಟ್ಟನ್ನು ಸಣ್ಣ ಅರದಿಂದ ಉಜ್ಜುತ್ತಿದ್ದಳು.

"ಏನಣ್ಣ, ಹಲ್ಲು ನೋವಾ?"

ನಿಂತೇ ಹೇಳಿದೆ. "ಆ ರೈಲು ಸಿನಿಮಾದ ಹಾಡು. ಅದರ ನಡುದನಿ ನಿಂದು."

"ಗೊತ್ತು."

"ನಂದು ಅಂತ ಬರೆದು ಸಹಿ ಹಾಕಿದೀನಿ."

ಅರ ನಿಂತಿತು. "ಎರಡನೇ ಸಲ," ಎಂದಳು.

ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವಳು ಸೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. "ಅವತ್ತು ಆ ಬಾಗಿಲು ಪೂರ್ತಿ ಹಾಕಿರ್ಲಿಲ್ಲ. ನಿನ್ನ ಕೋಟು ಮಡಿಲಲ್ಲಿತ್ತು. ಅವರು ಕೇಳಿದ್ದೂ ಕೇಳಿಸ್ತು, ನೀನು ಹೇಳಿದ್ದೂ ಕೇಳಿಸ್ತು. ಬಸ್ಸಲ್ಲಿ ಹೇಳ್ತೀಯ ಅಂದ್ಕೊಂಡೆ. ಮನೇಲಿ ಹೇಳ್ತೀಯ ಅಂದ್ಕೊಂಡೆ. ಈಗ ಮೂರು ವಾರದಿಂದ ಮೇಲೆ ಕೂತು ಕೇಳ್ತಿದೀನಿ, ಈ ಸಲನಾದ್ರೂ ಹೇಳ್ತಾನೆ ಅಂತ."

"ತಪ್ಪಾಯ್ತು," ಎಂದೆ. ಅಷ್ಟು ಸಣ್ಣ ಮಾತು.

"ಇನ್ನೊಂದು ವಿಷಯ ಗೊತ್ತಾ ನಿಂಗೆ? ನಾನು ಅದನ್ನ ಕೂತು ಕಟ್ಟಿದ್ದಲ್ಲ ಕಣಣ್ಣ. ನಿನ್ನ ಎಡಗೈ ಯಾವಾಗ್ಲೂ ನನ್ನ ಜಾಗಕ್ಕೆ ಬರ್ತಿತ್ತು. ನೀನು ಮೊಣಕೈಯಲ್ಲಿ ತಿವೀತಿದ್ದೆ. ನಾನು ಸರ್ಕೊಂಡು ಸರ್ಕೊಂಡು, ಎಲ್ಲಿ ಜಾಗ ಸಿಕ್ತೋ ಅಲ್ಲಿ ನುಡಿಸ್ದೆ. ಅದನ್ನೇ ಅವರು ಚೆನ್ನಾಗಿದೆ ಅಂದಿದ್ದು."

ಕಣ್ಣು ತುಂಬಿತು. ಅತ್ತರೆ ಅವಳೇ ಸಮಾಧಾನ ಮಾಡಬೇಕಾಗುತ್ತದೆ, ಆ ಕೆಲಸವನ್ನೂ ಅವಳ ತಲೆಗೆ ಕಟ್ಟಬಾರದೆಂದು ತಡೆದುಕೊಂಡೆ.

"ನಾನು ಬೆರಳು ನೋವು ಅಂದೆ," ಎಂದಳು. ಈಗ ದನಿ ಗಟ್ಟಿಯಾಯಿತು. "ನಲವತ್ತು ವರ್ಷ ಆಯ್ತು. ಯಾವ ಬೆರಳು ಅಂತ ಒಬ್ರೂ ಕೇಳ್ಲಿಲ್ಲ. ಅಪ್ಪ ಕೇಳ್ಲಿಲ್ಲ, ಅಮ್ಮ ಕೇಳ್ಲಿಲ್ಲ, ನೀನು ಕೇಳ್ಲಿಲ್ಲ."

ಊಟ ಮುಗಿಸಿದವರು ಒಳಗೆ ಬರತೊಡಗಿದರು. ಅವಳು ಅರ ಎತ್ತಿಕೊಂಡಳು. ನಾನು ಎದ್ದು ಬಂದೆ.

ಮಾರ್ಚ್ 3, ಮಂಗಳವಾರ

ಕೆಂಪು ಪೆನ್ನಿಗೆ ಫೋನ್ ಮಾಡಿ, "ನಾನು ಸುಳ್ಳು ಸಹಿ ಹಾಕಿದೆ, ಅದು ನನ್ನ ತಂಗಿಯದು," ಎಂದೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

"ನಿಮ್ಮ ಮೇಲೆ ನಂಬಿಕೆ ಇಟ್ಟು ಸಿನಿಮಾದವರ ಹತ್ರ ಮಾತಾಡಿದೀನಿ ಸರ್."

"ಗೊತ್ತು ಮೇಡಂ."

"ನಿಮ್ಮ ತಂಗಿಯವರ ಸಹಿ ತಂದುಕೊಡಿ, ಅವರ ಹೆಸರು ಹಾಕೋಣ. ಇಲ್ಲಾಂದ್ರೆ ಏಳನೇದು ತೆಗೀತೀನಿ. ನಾಳೆ ಸಂಜೆಯೊಳಗೆ." ನಂತರ ಇನ್ನೂ ತಣ್ಣಗೆ, "ಮುಂದಿನ ಪುಸ್ತಕದ ವಿಷಯ ಆಮೇಲೆ ನೋಡೋಣ," ಎಂದರು. ಆ ಆಮೇಲೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಾರ್ಚ್ 4, ಬುಧವಾರ

ಹದಿನಾಲ್ಕು ಮೆಟ್ಟಿಲೂ ಹತ್ತಿದೆ. ತಂಗಿ ಸಹಿಯ ಕಾಗದವನ್ನು ಎರಡು ಸಲ ಓದಿ ಮಡಚಿ ನನ್ನ ಕೈಗೇ ಕೊಟ್ಟಳು.

"ಹಾಕಲ್ಲ."

"ನಿನ್ನ ಹೆಸರು ಬರುತ್ತೆ."

"ಒಬ್ರೇ ನುಡಿಸೋ ಪುಸ್ತಕಕ್ಕೆ ನಂದು ಬೇಡ. ಅದು ಪಕ್ಕದಲ್ಲಿ ಒಬ್ರು ಇದ್ದಿದ್ದಕ್ಕೆ ಬಂದಿದ್ದು. ಅವರನ್ನ ಎಬ್ಬಿಸಿ ಕಳಿಸಿ, ಅವರ ದನಿ ಮಾತ್ರ ಇಟ್ಕೋತೀನಿ ಅಂದ್ರೆ ಹೇಗೆ?"

ಈ ಕೆಲಸದಲ್ಲಿ ನಾನು ಇಷ್ಟು ದಿನ ಅದನ್ನೇ ಮಾಡುತ್ತಿದ್ದೆ. ಒತ್ತಾಯ ಮಾಡಲಿಲ್ಲ. ಏಳನೆಯದನ್ನು ತೆಗೆಯಿರಿ ಎಂದು ಫೋನ್ ಮಾಡಿದೆ. ಈ ಒಂದು ತಿಂಗಳಲ್ಲಿ ನಾನು ಹೇಳಿದ ಮಾತುಗಳಲ್ಲಿ ತಡವರಿಸದೆ ಹೊರಬಂದದ್ದು ಅದೊಂದೇ.

ಮಾರ್ಚ್ 19, ಗುರುವಾರ

ತಂಗಿ ಇಳಿದು ಬರುತ್ತಿಲ್ಲ. ಪೇಪರನ್ನು ನಾನೇ ಬೆಳಿಗ್ಗೆ ಮೇಲಿನ ಬಾಗಿಲ ಮುಂದೆ ಇಟ್ಟು ಬರುತ್ತೇನೆ. ಹತ್ತು ದಿನದಿಂದ ಪಿಯಾನೋದ ಮುಚ್ಚಳ ತೆಗೆದಿಲ್ಲ. ತೆಗೆದರೆ ಅವಳಿಗೆ ಕೇಳಿಸುತ್ತದೆ.

ಕ್ಷೌರದಂಗಡಿಯವನು, "ದೊಡ್ಡ ಕೃತಿ ಎಲ್ಲಿಗೆ ಬಂತು?" ಎಂದ. "ರಜೆ ಸಿನಿಮಾದ ಹಾಡುಗಳು, ಮಕ್ಕಳಿಗೆ," ಎಂದೆ. "ಅಯ್ಯೋ, ಆ ರೈಲು ಸಿನಿಮಾದ್ದು ಇದೆಯಾ? ನನ್ನ ಮಗಳಿಗೆ ಪ್ರಾಣ," ಎಂದ. ಇಲ್ಲ ಎಂದೆ. "ಯಾಕೆ?" ಎಂದ. ನನ್ನ ತಪ್ಪಿನಿಂದ ಬಿಟ್ಟುಹೋಯಿತು ಎಂದೆ. ಅವನು ಕತ್ತರಿ ಆಡಿಸುತ್ತಲೇ ಇದ್ದ. ಕೂದಲು ಚೆನ್ನಾಗಿ ಕತ್ತರಿಸಿದ್ದಾನೆ.

ಏಪ್ರಿಲ್ 5, ಭಾನುವಾರ

ನಿನ್ನೆ ಪುಸ್ತಕ ಬಂತು. ಪುಟಗಳ ಲೆಕ್ಕ ಮೊದಲೇ ಕಟ್ಟಿಯಾಗಿದ್ದರಿಂದ ಏಳನೆಯ ಹಾಡಿನ ಜಾಗದಲ್ಲಿ ಬರೀ ಗೆರೆಗಳ ನಾಲ್ಕು ಪುಟ ಹಾಕಿದ್ದಾರೆ, ತಲೆಯ ಮೇಲೆ "ನಿಮ್ಮ ಬರವಣಿಗೆಗೆ" ಎಂದಿದೆ. ಲಕೋಟೆಯನ್ನು ತಂದದ್ದು ತಂಗಿಯೇ. ಈ ಸಲ ನಾನು ಅದರ ಮೇಲೆ ಕೈಯಿಡಲಿಲ್ಲ. ಅವಳೇ ಒಡೆದು ಪುಟ ತಿರುಗಿಸಿದಳು.

"ಆರು ಆದ್ಮೇಲೆ ಎಂಟಾ? ಈ ಲೆಕ್ಕ ಅತ್ತಿಗೆಗೆ ತೋರಿಸ್ಬೇಡ," ಎಂದಳು. ಒಳಗಿನಿಂದ ಹೆಂಡತಿ, "ಕೇಳಿಸ್ತು, ಸೊನ್ನೆ ಕೊಟ್ಟಿದೀನಿ," ಎಂದಳು. ತಂಗಿ ನಕ್ಕಳು. ಒಂದು ತಿಂಗಳ ಮೇಲೆ ಕೇಳಿದ ನಗು.

ಇವತ್ತು ಬೆಳಿಗ್ಗೆ ತಿಂಡಿಯಾದ ಮೇಲೆ ಮತ್ತೆ ಬಂದಳು. ಏನೂ ಹೇಳದೆ ಪಿಯಾನೋದ ಮುಚ್ಚಳ ತೆಗೆದು ಬೆಂಚಿನ ಬಲತುದಿಯಲ್ಲಿ ಕೂತಳು. ನನ್ನ ಜಾಗದಲ್ಲಿ. ನಾನು ಎಡಕ್ಕೆ ಕೂತೆ. ಐವತ್ತು ವರ್ಷದಿಂದ ಪಿಯಾನೋ ನುಡಿಸುತ್ತಿದ್ದೇನೆ, ಆ ಕಡೆಯಿಂದ ಕೀಲಿಮಣೆ ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ.

ಹಾಡು ಶುರುಮಾಡಿದಳು. ಬೆರಳು ಪೆಡಸಾಗಿವೆ, ಅಲ್ಲಲ್ಲಿ ತಪ್ಪಿದಳು, ಹಾಡು ಮಾತ್ರ ತಪ್ಪಲಿಲ್ಲ. ಎರಡನೆಯ ಸಾಲಿಗೆ ಅವಳ ಮೊಣಕೈ ನನ್ನ ಪಕ್ಕೆಗೆ ತಾಗಿತು, ಎಡಗೈ ನನ್ನ ಜಾಗಕ್ಕೇ ಬಂತು. ಬೇಕೆಂದೇ ತಂದಳೋ ಏನೋ. ನಾನು ಸರಿದುಕೊಂಡೆ. ಆ ನಡುದನಿ ನನಗೆ ಬಾಯಿಪಾಠವಿದೆಯೆಂದುಕೊಂಡಿದ್ದೆ. ಅಲ್ಲಿ ಕೂತು, ಪಕ್ಕದವರ ಕೈ ತಪ್ಪಿಸಿಕೊಂಡು ನುಡಿಸುವಾಗ ಅದು ಎಷ್ಟು ಕಷ್ಟವೆಂದು ಗೊತ್ತಾಯಿತು. ಎರಡು ಸಲ ಎಡವಿದೆ. ಅವಳು ನನಗಾಗಿ ನಿಲ್ಲಲಿಲ್ಲ.

ಕೊನೆಯ ಸಾಲಿಗೆ ಮುಂಚೆ ತಾನೇ ನಿಲ್ಲಿಸಿ ಕೈ ಕೊಡವಿಕೊಂಡಳು.

"ಬೆರಳು ನೋಯ್ತಿದೆ."

"ಯಾವ ಬೆರಳು?" ಎಂದೆ.

ನನ್ನ ಕಡೆ ತಿರುಗಿದಳು. ಆಮೇಲೆ ಎಡಗೈಯನ್ನು ನನ್ನ ಮುಂದೆ ಚಾಚಿ, ಉಂಗುರದ ಬೆರಳನ್ನು ಮಡಚಿ ತೋರಿಸಿದಳು.